ಏಕಮುಖ ರಸ್ತೆಗಳ ಊರಿಗೆ ಎಷ್ಟು ಕಾನ್‌ಸ್ಟೆಬಲ್‌ಗಳು: ಪೂರ್ಣಗೊಳ್ಳದ ಪ್ರಾಜೆಕ್ಟೊಂದರ ವರದಿ

ಇವರಿಗೆ,
ಗಣಿತ ವಿಭಾಗಕ್ಕೆ ಹೊಸದಾಗಿ ಸೇರಿ, ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡಲಿರುವ ಕಿರಿಯ ಉಪನ್ಯಾಸಕರಿಗೆ.

ವಿಷಯ: ವಿದ್ಯಾರ್ಥಿಗಳಿಂದ ಗಣಿತದ ಸಂಶೋಧನಾ ಪ್ರಾಜೆಕ್ಟನ್ನು ಯೋಜಿಸಿ ಬರೆಸುವ ಕೆಲಸದ ನಿಜಸ್ಥಿತಿ ತಿಳಿಸುವ ಬಗ್ಗೆ.

ಉಲ್ಲೇಖ: ನನ್ನ ಬೀಳ್ಕೊಡುಗೆಯ ದಿನ ತಾವು ಮೌಖಿಕವಾಗಿ ಮಾಡಿದ ಕೋರಿಕೆ (ಉತ್ತರ ತಡವಾಗಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ತಿಳಿಸಬೇಕಾದುದೇನೆಂದರೆ, ನಾನು ಈವರೆಗೆ ಬರೆದಿರುವುದೆಲ್ಲ ರಜೆ ಅರ್ಜಿ, ಆಂತರಿಕ ಅಂಕಗಳ ಮೇಲುಪತ್ರ, ಪರೀಕ್ಷಾ ವಿಭಾಗಕ್ಕೆ ಸ್ಪಷ್ಟೀಕರಣ, ಇಂಥವು ಮಾತ್ರ. ಅನುಭವವನ್ನು ಬರೆದು ಅಭ್ಯಾಸವಿಲ್ಲ. ಎಲ್ಲಿ ಆರಂಭಿಸಬೇಕೆಂದು ತಿಳಿಯದೆ ಹಲವು ಹಾಳೆಗಳನ್ನು ಹರಿದಿದ್ದೇನೆ. ಕೊನೆಗೆ ನನಗೆ ಗೊತ್ತಿರುವ ಒಂದೇ ಮಾದರಿಯಲ್ಲಿ ಬರೆಯುವುದೆಂದು ತೀರ್ಮಾನಿಸಿದೆ. ಭಾಷೆ ಒಣಗಿದಂತೆ ಕಂಡರೆ ಅನ್ಯಥಾ ಭಾವಿಸಬಾರದಾಗಿ ಕೋರುತ್ತೇನೆ.

ನಾನು ರೋಣದ ಕಡೆಯವಳು. ಮದುವೆಯ ನಂತರ ಈ ಊರಿಗೆ ಬಂದು, ಗಂಗಾನಗರದಲ್ಲಿ ಮನೆ ಮಾಡಿ, ಸೋಲದೇವನಹಳ್ಳಿಯ ಕಡೆಯ ನಮ್ಮ ಈ ಖಾಸಗಿ ಕಾಲೇಜಿನಲ್ಲಿ ಗಣಿತ ಬೋಧಿಸಿದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದು ತಮಗೆ ಉಪಯೋಗಕ್ಕೆ ಬರುವಂಥದ್ದಲ್ಲ.

ಪ್ರಾಜೆಕ್ಟ್ ಎಂಬುದು ಪಠ್ಯಕ್ರಮದಲ್ಲಿ ಸೇರಿದಾಗ, ಅದನ್ನು ಮಾಡಿಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾವು ಓದುವಾಗ ಅದು ಇರಲಿಲ್ಲ. ಆದ್ದರಿಂದ ತಾನಾಗಿಯೇ ಒಂದು ಪದ್ಧತಿ ಬೆಳೆಯಿತು. ಹಿಂದಿನ ವರ್ಷದವರ ಪ್ರಾಜೆಕ್ಟನ್ನು ಮುಂದಿನ ವರ್ಷದವರು ಪಡೆಯುವುದು, ಶೀರ್ಷಿಕೆಯಲ್ಲಿ ಒಂದು ವಿಶೇಷಣ ಹೆಚ್ಚಿಸುವುದು, ಉದಾಹರಣೆಗಳನ್ನು ಬದಲಿಸುವುದು, ಯಶವಂತಪುರದ ಬೈಂಡಿಂಗ್ ಅಂಗಡಿಯಲ್ಲಿ ಬಂಗಾರದ ಅಕ್ಷರ ಹಾಕಿಸುವುದು. ಒಳಗಿನ ಗಣಿತವನ್ನು ಯಾರೂ ಓದುತ್ತಿರಲಿಲ್ಲ. ಹೊರಗಿನಿಂದ ಬರುವ ಪರೀಕ್ಷಕರು ಓದುತ್ತಿದ್ದುದು ಕೃತಜ್ಞತೆಗಳ ಪುಟವೊಂದನ್ನೇ.

ಒಮ್ಮೆ ಪ್ರದೀಪ ಎಂಬ ವಿದ್ಯಾರ್ಥಿ, ಹಿಂದಿನ ವರ್ಷದ ವಿವಾಹಿತ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟನ್ನು ಪಡೆದು, ಆ ಪುಟವನ್ನೂ ಹಾಗೆಯೇ ಉಳಿಸಿಕೊಂಡಿದ್ದ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು.

"ಏನಪ್ಪಾ ಪ್ರದೀಪ, ಮನೆ ಕೆಲಸ ಎಲ್ಲಾ ಹಂಚ್ಕೊಂಡು ಪ್ರಾಜೆಕ್ಟ್‌ಗೆ ಸಹಕಾರ ಕೊಟ್ರು ಅಂತ ಬರ್ದಿದ್ದೀಯ. ನಿಮ್ಮ ಪತಿಯವರು ಏನ್ ಮಾಡ್ಕೊಂಡಿದ್ದಾರೆ?"

ಹೊರಗೆ ಕಾಯುತ್ತಿದ್ದವರು ಕಾಲೇಜು ಬಿಡುವವರೆಗೂ ಅವನನ್ನು "ಮಗಾ, ಭಾವನ್ನ ಯಾವಾಗ ತೋರಿಸ್ತೀಯ?" ಎಂದು ಕೇಳುತ್ತಿದ್ದರು. ಆದರೆ ಅಂಕಗಳು ಕಡಿಮೆಯಾಗಲಿಲ್ಲ. ನಾವೂ ಅಂದು ನಕ್ಕೆವು. ಗಣಿತದಲ್ಲಿದ್ದ ಅದೇ ಬಗೆಯ ತಪ್ಪುಗಳನ್ನು ಗಮನಿಸಿದ್ದರೆ ನಗು ಬರುತ್ತಿರಲಿಲ್ಲ.

ನಂತರ ನಕಲು ಹಿಡಿಯುವ ತಂತ್ರಾಂಶ ಬಂದಿತು. ವರದಿಯನ್ನು ಅದಕ್ಕೆ ಒಪ್ಪಿಸಿದರೆ, ಎಷ್ಟು ಭಾಗ ಬೇರೆಡೆಯಿಂದ ಬಂದಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ತಾವು ಗಮನಿಸಬೇಕಾದ ಅಂಶವೆಂದರೆ, ಗಣಿತದಲ್ಲಿ ವ್ಯಾಖ್ಯೆ ಎಲ್ಲರಿಗೂ ಒಂದೇ. ಅದನ್ನು ಸ್ವಂತ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದರೆ ಕೆಂಪು ಕಡಿಮೆಯಾಗದೆ ಪ್ರಾಜೆಕ್ಟ್ ಸ್ವೀಕರಿಸುವುದಿಲ್ಲವೆಂಬ ಆದೇಶವಾಯಿತು. ಮಕ್ಕಳು ಪದಗಳನ್ನು ಬದಲಿಸಿದರು. 'ಗ್ರೂಪ್' ಇದ್ದ ಕಡೆ 'ಗ್ಯಾದರಿಂಗ್' ಎಂದು ಬರೆದರು. 'ಫೀಲ್ಡ್' ಎಂಬುದು 'ಮೆಡೋ', ಅಂದರೆ ಹುಲ್ಲುಗಾವಲು, ಆಯಿತು. ಹುಲ್ಲುಗಾವಲಿನ ಮೇಲೆ ನಿಂತ ಬೀಜಗಣಿತದ ಆ ಪ್ರಾಜೆಕ್ಟುಗಳನ್ನು ತಂತ್ರಾಂಶ ಸಂತೋಷದಿಂದ ಒಪ್ಪಿಕೊಂಡಿತು. ಅವು ಇಂದಿಗೂ ಗ್ರಂಥಾಲಯದ ಕಪಾಟಿನಲ್ಲಿವೆ.

ಈ ಹಿನ್ನೆಲೆಯಲ್ಲಿ, ನನ್ನ ಸೇವೆಯ ಕೊನೆಯ ವರ್ಷ ನಡೆದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಮಂಡಿಸಲು ಅನುಮತಿ ಕೋರುತ್ತೇನೆ.

ವಿದ್ಯಾರ್ಥಿನಿಯ ಹೆಸರು ಮುನಿಲಕ್ಷ್ಮಿ. ಹುಣಸಮಾರನಹಳ್ಳಿಯ ಹಳೆಯ ಮನೆತನದವಳು. ತಂದೆ ಮುನಿಯಪ್ಪನವರು ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಾರೆ. ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿ. ವಿಷಯ ಆರಿಸಿಕೊಂಡು ಬರುವಂತೆ ಎಲ್ಲರಿಗೂ ಸೂಚಿಸಿದಾಗ, ಇತರರು ಹಿಂದಿನ ವರ್ಷದ ಶೀರ್ಷಿಕೆಗಳೊಂದಿಗೆ ಬಂದರು. ಅವಳು ಒಂದು ಪ್ರಶ್ನೆಯೊಂದಿಗೆ ಬಂದಳು.

"ಮೇಡಂ, ನಮ್ಮಪ್ಪ ದಿನಾ ಯಲಹಂಕ ನ್ಯೂಟೌನ್‌ನಲ್ಲಿ ಒನ್‌ವೇಲಿ ಸಿಗಾಕ್ಕೊಳ್ತಾರೆ. ಎಲ್ಲಾ ರಸ್ತೆನೂ ಒನ್‌ವೇ ಮಾಡ್ಬಿಟ್ರೆ, ಎಲ್ಲಾ ಜಂಕ್ಷನ್ ಮೇಲೂ ಕಣ್ಣಿಡೋಕೆ ಕಮ್ಮಿ ಅಂದ್ರೆ ಎಷ್ಟ್ ಜನ ಕಾನ್‌ಸ್ಟೆಬಲ್ ಬೇಕು?"

"ಅಪ್ಪ ತಪ್ಪಿಸಿಕೊಳ್ಳೋದಕ್ಕೇನು?" ಎಂದೆ.

"ಅದು ಎರಡ್ನೇ ಪ್ರಾಜೆಕ್ಟ್ ಮೇಡಂ."

ವಿಷಯ ನನಗೆ ಹಿಡಿಸಿತು. ನಿಯಮವನ್ನು ಇಬ್ಬರೂ ಕುಳಿತು ಹೀಗೆ ನಿಗದಿಪಡಿಸಿದೆವು. ಐದು ಉದ್ದ ರಸ್ತೆಗಳು. ಅವನ್ನು ಕತ್ತರಿಸುವ ಅಡ್ಡರಸ್ತೆಗಳು ಎಷ್ಟಾದರೂ ಇರಬಹುದು. ಎಲ್ಲವೂ ಏಕಮುಖ, ಒಂದು ಉದ್ದ ರಸ್ತೆ ಬಲಕ್ಕೆ ಹೋದರೆ ಅದರ ಪಕ್ಕದ್ದು ಎಡಕ್ಕೆ, ಅಡ್ಡರಸ್ತೆಗಳಲ್ಲೂ ಹಾಗೆಯೇ ಒಂದು ಮೇಲಕ್ಕೆ, ಪಕ್ಕದ್ದು ಕೆಳಕ್ಕೆ. ಒಂದು ಜಂಕ್ಷನ್ನಿನಲ್ಲಿ ನಿಂತ ಕಾನ್‌ಸ್ಟೆಬಲ್, ತಾನು ನಿಂತ ಜಾಗವನ್ನೂ, ಅಲ್ಲಿಂದ ಹೊರಟ ವಾಹನಗಳು ಮೊದಲು ತಲುಪುವ ಜಂಕ್ಷನ್‌ಗಳನ್ನೂ ಕಾಯುತ್ತಾನೆ. ವಾಹನಗಳು ಬರುವ ಕಡೆಗೆ ಅವನ ಬೆನ್ನು. ಯಾವ ಜಂಕ್ಷನ್ನೂ ಕಾವಲಿಲ್ಲದೆ ಉಳಿಯಬಾರದು. ಕನಿಷ್ಠ ಎಷ್ಟು ಮಂದಿ ಬೇಕು? ಹುಡುಕಿದಷ್ಟೂ ಕಡೆ ಹುಡುಕಿದೆವು. ಇದೇ ನಿಯಮದಲ್ಲಿ ಯಾರೂ ಮಾಡಿದ್ದು ನಮಗೆ ಸಿಗಲಿಲ್ಲ.

ಪ್ರಾಜೆಕ್ಟಿನ ಯೋಜನೆ ಕುರಿತು ನಾನು ಅವಳಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ. ಸೂತ್ರಕ್ಕೆ ಆತುರಪಡಬಾರದು. ಚಿಕ್ಕ ಉದಾಹರಣೆಗಳನ್ನು ಕೈಯಿಂದಲೇ ಬಿಡಿಸಬೇಕು. ಗೊತ್ತಿರುವುದು, ಗೊತ್ತಿಲ್ಲದ್ದು, ಗೊತ್ತಿದೆಯೆಂದು ಅನ್ನಿಸುವುದು, ಈ ಮೂರನ್ನೂ ಬೇರೆಬೇರೆ ಹಾಳೆಗಳಲ್ಲಿ ಬರೆದಿಡಬೇಕು. ಬರವಣಿಗೆಯನ್ನು ಕೊನೆಗೆ ಇಟ್ಟುಕೊಳ್ಳಬಾರದು, ಏಕೆಂದರೆ ಬರೆಯುವಾಗಲೇ ತೂತುಗಳು ಕಾಣುತ್ತವೆ. ಮುನಿಲಕ್ಷ್ಮಿ ಇದೆಲ್ಲವನ್ನೂ ಪಾಲಿಸಿದಳು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಊರುಗಳನ್ನು ಬಿಡಿಸಿ, ಕಾನ್‌ಸ್ಟೆಬಲ್‌ಗಳ ಜಾಗದಲ್ಲಿ ಹುಣಸೆ ಬೀಜಗಳನ್ನು ಇಟ್ಟು ಸರಿಸುತ್ತಿದ್ದಳು. ಆರು ಅಡ್ಡರಸ್ತೆಗಳವರೆಗೆ ಕಂಪ್ಯೂಟರಿನಿಂದಲೂ ಪರೀಕ್ಷಿಸಿದಳು. ಏಳನೆಯದಕ್ಕೆ ನಮ್ಮ ಲ್ಯಾಬಿನ ಯಂತ್ರ ಉತ್ತರ ಕೊಡದೆ ನಿಂತುಬಿಟ್ಟಿತು.

ಅಷ್ಟರಲ್ಲಿ ಅವಳಿಗೆ ಒಂದು ಸೂತ್ರ ದೊರೆತಿತ್ತು. ಅಡ್ಡರಸ್ತೆಗಳ ಸಂಖ್ಯೆ ಕೊಟ್ಟರೆ ಕಾನ್‌ಸ್ಟೆಬಲ್‌ಗಳ ಸಂಖ್ಯೆ ಹೇಳುವ ಸರಳ ಸೂತ್ರ, ಪರೀಕ್ಷಿಸಿದ್ದಕ್ಕೆಲ್ಲ ಸರಿಹೊಂದಿತು. ಅದರ ಸಾಧನೆಯೂ, ಅಂದರೆ ಪ್ರೂಫ್ ಕೂಡ, ಚೊಕ್ಕವಾಗಿತ್ತು. ಊರಿನ ಬಲತುದಿಯ ಕೊನೆಯ ಅಡ್ಡರಸ್ತೆಯನ್ನು, ಅದರ ಮೇಲೆ ನಿಂತ ಕಾನ್‌ಸ್ಟೆಬಲ್‌ಗಳ ಸಮೇತ ತೆಗೆದುಬಿಡುವುದು. ಉಳಿದ ಚಿಕ್ಕ ಊರಿಗೆ ಎಷ್ಟು ಬೇಕೆಂದು ಆಗಲೇ ಗೊತ್ತಿದೆ. ತೆಗೆದ ರಸ್ತೆಗೆ ಎಷ್ಟು ಬೇಕೆಂದು ಬೇರೆ ಲೆಕ್ಕ ಹಾಕುವುದು. ಎರಡನ್ನೂ ಕೂಡುವುದು. ಅದಕ್ಕಿಂತ ಕಡಿಮೆಯಲ್ಲಿ ಸಾಧ್ಯವಿಲ್ಲ ಎನ್ನುವುದು. ನಾನು ಎರಡು ಸಲ ಓದಿ ಸರಿಯೆಂದಿದ್ದೆ.

ವಿಭಾಗದ ಮುಖ್ಯಸ್ಥರಾದ ರಂಗನಾಥ ಅವರು ಬಹಳ ಸಂತೋಷಪಟ್ಟರು. ಊರಿನ ಪ್ರತಿಷ್ಠಿತ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಸೀಟಿಗೆ ಅರ್ಜಿ ಕರೆದಿದ್ದರು. ಪ್ರಾಜೆಕ್ಟಿನ ಸಾರಾಂಶ ಕಳಿಸಬೇಕು, ಪ್ರಾಜೆಕ್ಟಿನಲ್ಲಿ ಪ್ರಥಮ ದರ್ಜೆಯ ಅಂಕ ಬರಬೇಕು, ಆಮೇಲೆ ಸಂದರ್ಶನ. 'ಹೊಸ ಪ್ರಮೇಯವೊಂದನ್ನು ಸಾಧಿಸಿದ್ದಾಳೆ' ಎಂದು ರಂಗನಾಥರು ಸ್ವತಃ ಶಿಫಾರಸು ಪತ್ರ ಬರೆದರು. ನಮ್ಮ ಕಾಲೇಜಿನಿಂದ ಅಂಥ ಸೀಟಿಗೆ ಯಾರೂ ಹೋದದ್ದಿಲ್ಲ. ಮುನಿಲಕ್ಷ್ಮಿಗೆ ಗಣಿತದಲ್ಲಿ ಮುಂದುವರಿಯಲು ಇದ್ದ ದಾರಿ ಅದೊಂದೇ. ಇಲ್ಲವಾದರೆ ವಿಮಾನ ನಿಲ್ದಾಣದ ಕಡೆಯ ಸರಕು ಕಚೇರಿಯಲ್ಲಿ ಕೆಲಸಕ್ಕೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ಆ ಮಾತಿಗೆ ಅವಳೂ ಒಪ್ಪಿದ್ದಳು.

ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ವಾರ, ಖಾಲಿ ತರಗತಿಯೊಂದರಲ್ಲಿ ಅವಳಿಂದ ಸೆಮಿನಾರಿನ ಅಭ್ಯಾಸ ಮಾಡಿಸುತ್ತಿದ್ದೆ. ಅವಳ ಸಹಪಾಠಿ ಹರ್ಷನೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವಳು ಬೋರ್ಡಿನ ಮೇಲೆ ಊರು ಬಿಡಿಸಿದಳು. ಕೊನೆಯ ಅಡ್ಡರಸ್ತೆಯನ್ನು ಡಸ್ಟರಿನಿಂದ ಒರೆಸಿದಳು. "ಈಗ ಉಳಿದ ಊರಿನಲ್ಲಿ ಎಲ್ಲಾ ಜಂಕ್ಷನ್‌ಗೂ ಕಾವಲಿದೆ" ಎನ್ನುತ್ತಾ ಬೋರ್ಡಿನ ಕಡೆ ತಿರುಗಿದವಳು ಹಾಗೆಯೇ ನಿಂತಳು.

"ಯಾಕೆ? ಮುಂದಕ್ಕೆ ಹೇಳು" ಎಂದೆ.

"ಮೇಡಂ, ಇವ್ನು..." ಒರೆಸಿದ ಜಾಗದಲ್ಲಿ ಬೆರಳಿಟ್ಟಳು. "ಇವ್ನು ಎಡಗಡೆ ಹೋಗೋ ರಸ್ತೆಲಿ ನಿಂತಿದ್ದ."

"ಅದಕ್ಕೇನು?"

"ಪಕ್ಕದ ಜಂಕ್ಷನ್ ಕಾಯ್ತಿದ್ದೋನು ಇವ್ನೇ. ಇವ್ನನ್ನ ನಾನು ಒರೆಸಿಬಿಟ್ಟೆ."

ನಾನು ಎದ್ದು ಹೋಗಿ ಬೋರ್ಡಿನ ಮುಂದೆ ನಿಂತೆ. ಅವಳು ಹೇಳಿದ್ದು ಸರಿಯಾಗಿತ್ತು. ಕೊನೆಯ ಅಡ್ಡರಸ್ತೆಯಲ್ಲಿ, ಎಡಕ್ಕೆ ಹೋಗುವ ರಸ್ತೆಗಳು ಹೊರಡುವ ಕಡೆ ನಿಂತವರು ಉಳಿದ ಊರಿನ ಒಂದು ಅಂಚನ್ನು ಕಾಯುತ್ತಿದ್ದರು. ಅವರನ್ನು ತೆಗೆದ ಮೇಲೆ ಉಳಿದ ಊರು ಕಾವಲಿನಲ್ಲಿದೆ ಎನ್ನಲು ಆಧಾರವಿರಲಿಲ್ಲ. ಆ ಒಂದು ವಾಕ್ಯದ ಮೇಲೆ ಸಾಧನೆಯೆಲ್ಲ ನಿಂತಿತ್ತು. ಸೂತ್ರ ತಪ್ಪೆಂದು ಇದರಿಂದ ಹೇಳಲಾಗದು. ಅದು ನಿಜವಿರಬಹುದು, ಇಲ್ಲದಿರಬಹುದು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಹಿಂದಿನ ಬೆಂಚಿನಿಂದ ಹರ್ಷ ಹೇಳಿದ. "ಲೇ ಲಕ್ಷ್ಮಿ, ಫೋನಲ್ಲಿರೋ ಎಐಗೆ ಕೇಳೇ. ಅದೇ ಪ್ರೂಫ್ ಬರ್ದ್ ಕೊಡುತ್ತೆ. ನಂದು ಮೂರು ಥಿಯರಂ ಅದೇ ಕೊಟ್ಟಿದ್ದು."

ಕೇಳಿಯೂ ನೋಡಿದೆವು. ಫೋನು ಕ್ಷಣದಲ್ಲಿ ಒಂದು ಪುಟದ ಸಾಧನೆ ಬರೆಯಿತು. ಭಾಷೆ ಬಹಳ ಅಚ್ಚುಕಟ್ಟು. ಮೊದಲ ಹೆಜ್ಜೆಯೇ, ಕೊನೆಯ ಅಡ್ಡರಸ್ತೆಯನ್ನು ತೆಗೆದುಹಾಕಿದರೆ ಉಳಿದ ಊರು ಕಾವಲಿನಲ್ಲಿರುತ್ತದೆ ಎಂಬುದು ಸ್ಪಷ್ಟ, ಎಂದಿತ್ತು. ತಪ್ಪು ತೋರಿಸಿದಾಗ ಕ್ಷಮೆ ಕೇಳಿ, ಮೊದಲ ಅಡ್ಡರಸ್ತೆಯನ್ನು ತೆಗೆಯಿತು.

"ಇದ್ಕಿಂತ ನಾನೇ ವಾಸಿ ಕಣೋ" ಎಂದಳು ಮುನಿಲಕ್ಷ್ಮಿ. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಸರಿಪಡಿಸಲು ಇಬ್ಬರೂ ಪ್ರಯತ್ನಿಸಿದೆವು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಕೊನೆಗೆ ರಂಗನಾಥರ ಕೊಠಡಿಗೆ ಹೋಗಿ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ವಿಭಾಗ ಮುಚ್ಚದಂತೆ ವರ್ಷವರ್ಷವೂ ಮನೆಮನೆಗೆ ಹೋಗಿ ವಿದ್ಯಾರ್ಥಿಗಳನ್ನು ಕರೆತರುತ್ತಿದ್ದವರು ಅವರು.

"ಮೇಡಂ, ಇದು ಎಂ.ಎಸ್ಸಿ. ಪ್ರಾಜೆಕ್ಟು. ಎಕ್ಸ್‌ಟರ್ನಲ್ ಯಾರು ಆ ಪುಟ ಓದ್ತಾರೆ ಹೇಳಿ?"

"ಓದೋದಿಲ್ಲ ಸರ್."

"ಮತ್ತೆ? ಥಿಯರಂ ಅಂತಾನೇ ಇರ್ಲಿ. ಹುಡುಗಿ ಸೀಟಿಗೆ ಸೇರ್ಕೊಳ್ಲಿ. ಆಮೇಲೆ ಅಲ್ಲೇ ಕೂತು ನಿಧಾನಕ್ಕೆ ಪ್ರೂವ್ ಮಾಡ್ಲಿ. ನಿಜ ಇರ್ಬಹುದು ಅಂತ ನೀವೇ ಹೇಳ್ತಿದ್ದೀರಲ್ಲ."

"ಇರಬಹುದು ಸರ್. ಆದರೆ ಸಾಧಿಸಿದ್ದಾಳೆ ಅಂತ ನಾನು ಸಹಿ ಹಾಕಬೇಕಲ್ಲ."

"ಹುಲ್ಲುಗಾವಲಿಗೆಲ್ಲ ಸಹಿ ಹಾಕಿದ್ದೀವಲ್ಲ ಮೇಡಂ ನಾವು" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಆಯಾಸವಿತ್ತು.

ಮುನಿಲಕ್ಷ್ಮಿಯನ್ನು ಕರೆದು ನನ್ನ ನಿಲುವು ತಿಳಿಸಿದೆ. 'ಪ್ರಮೇಯ' ಎಂದಿರುವಲ್ಲಿ 'ಊಹೆ', ಅಂದರೆ ಕಂಜೆಕ್ಚರ್, ಎಂದು ಬರೆಯಬೇಕು. ಆರರವರೆಗೆ ಪರೀಕ್ಷಿಸಿದೆ, ಮುಂದಕ್ಕೆ ಸಾಧನೆಯಿಲ್ಲ ಎನ್ನಬೇಕು. ಎಲ್ಲಿ ಎಡವಿದೆವೆಂದು ಒಂದು ಅಧ್ಯಾಯದಲ್ಲಿ ತೋರಿಸಬೇಕು. ಸಂಸ್ಥೆಗೂ ತಿದ್ದುಪಡಿ ಕಳಿಸಬೇಕು. ಹಾಗಿದ್ದರೆ ಸಹಿ, ಇಲ್ಲದಿದ್ದರೆ ಇಲ್ಲ.



"ನಿಮ್ಗೇನ್ ಮೇಡಂ, ಈ ವರ್ಷ ರಿಟೈರ್ ಆಗಿ ಹೋಗ್ತೀರಾ. ನಾನು ಹೇಳ್ದೇ ಇದ್ದಿದ್ರೆ ನಿಮ್ಗೆ ಗೊತ್ತೇ ಆಗ್ತಿರ್ಲಿಲ್ಲ."

"ನಿಜ" ಎಂದೆ.

"ನಾನ್ಯಾಕೆ ಹೇಳ್ದೆ ಅಂತ ನಂಗೇ ಗೊತ್ತಾಗ್ತಿಲ್ಲ."

ಅವಳು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನ ಅವಳ ತಂದೆ ಬಂದರು. ಟ್ಯಾಂಕರನ್ನು ಕಾಲೇಜಿನ ಗೇಟಿನ ಬಳಿಯೇ ನಿಲ್ಲಿಸಿದ್ದರು. ಸಿಬ್ಬಂದಿ ಕೊಠಡಿಯ ಕಿಟಕಿಯಿಂದ ಅದರ ಕೊಳವೆಯಿಂದ ನೀರು ತೊಟ್ಟಿಕ್ಕುವುದು ಕಾಣುತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂನೋರೇ, ಏನೋ ಒಂದ್ ಪದ ಬದ್ಲಾಯಿಸ್ಬೇಕಂತೆ. ಬದ್ಲಾಯಿಸುದ್ರೆ ಸೀಟು ಓಯ್ತದಂತೆ. ಉಡ್ಗಿ ಊಟ ಬುಟ್ಟವ್ಳೆ. ಒಂದ್ ಪದಕ್ಕೆ ಇಂಗಾದ್ರೆ ಎಂಗೆ?"

ನಾನು ಅವರಿಗೆ ಅರ್ಥವಾಗುವಂತೆ ಹೇಳಬೇಕೆಂದುಕೊಂಡು, ಅಪಾರ್ಟ್‌ಮೆಂಟಿನ ಸಂಪು ತುಂಬಿತೋ ಇಲ್ಲವೋ ಇಣುಕಿ ನೋಡದೆ ತುಂಬಿದೆ ಎಂದು ಬರೆದುಕೊಟ್ಟರೆ ಹೇಗೆ, ಎಂದು ಕೇಳಿದೆ.

"ನಾನ್ ಯಾವತ್ತೂ ಇಣುಕಿಲ್ಲ ಮೇಡಂ. ತುಂಬುದ್ರೆ ಉಕ್ಕಿ ಅರೀತದೆ. ಇಲ್ಲಾಂದ್ರೆ ಅವ್ರೇ ಫೋನ್ ಮಾಡಿ ಬೈತಾರೆ. ಅದ್ಕೂ ಇದ್ಕೂ ಏನ್ ಸಂಬಂದ?"

ಅವರೇ ಮುಂದುವರಿಸಿದರು.

"ಇದ್ರಿಂದ ಯಾರ್ಗಾನ ತೊಂದ್ರೆ ಆಯ್ತದಾ? ಯಾರಾನ ಸಾಯ್ತಾರಾ?"

"ಇಲ್ಲ."

"ಮತ್ತೆ ಬುಟ್ಬುಡಿ ತಾಯಿ."

ಮಾನ್ಯರೇ, ಇಷ್ಟು ವರ್ಷಗಳ ಸೇವೆಯಲ್ಲಿ ನನ್ನ ಮುಂದೆ ಬಂದ ಅತಿ ಸ್ಪಷ್ಟವಾದ ವಾದ ಇದಾಗಿತ್ತು. ಸಾಧನೆಯಿಲ್ಲದ್ದನ್ನು ಸಾಧನೆಯಿದೆ ಎನ್ನುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಗಣಿತದಲ್ಲಿ ಬೇರೇನೂ ಇಲ್ಲವೆಂದು ನಾನು ಅವರಿಗೆ ಹೇಳಿದೆ. ಅದನ್ನೂ ಬಿಟ್ಟರೆ ನಿಮ್ಮ ಮಗಳು ಅಲ್ಲಿಗೆ ಹೋಗಿ ಮಾಡುವುದಾದರೂ ಏನು, ಎಂದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. "ಓದ್ದೋರು ನೀವು" ಎಂದಷ್ಟೇ ಹೇಳಿ, ಮೆಟ್ಟಿಲಿಳಿದು ಟ್ಯಾಂಕರ್ ಹತ್ತಿದರು.

ಸಲ್ಲಿಸುವ ಕೊನೆಯ ದಿನ ಮುನಿಲಕ್ಷ್ಮಿ ಬಂದಳು. ಮೇಜಿನ ಮೇಲೆ ಪ್ರಾಜೆಕ್ಟ್ ಇಟ್ಟಳು. 'ಪ್ರಮೇಯ' ಇದ್ದ ಕಡೆಯಲ್ಲೆಲ್ಲ 'ಊಹೆ' ಇತ್ತು. ಎಡವಿದ ಜಾಗದ ಅಧ್ಯಾಯವನ್ನು ಅವಳು ಬಹಳ ಚೆನ್ನಾಗಿ ಬರೆದಿದ್ದಳು. ನಾನು ಓದಿದ ವಿದ್ಯಾರ್ಥಿ ಬರಹಗಳಲ್ಲಿ ಅಷ್ಟು ನಿಚ್ಚಳವಾದದ್ದು ಬೇರೊಂದಿಲ್ಲ.

"ನಿಮ್ಗೋಸ್ಕರ ಅಲ್ಲ ಮೇಡಂ" ಎಂದಳು. "ಥಿಯರಂ ಅಂತಾನೇ ಇಟ್ಟು ಹರ್ಷನ ಮುಂದೆ ಒಂದ್ಸಲ ಪ್ರಾಕ್ಟೀಸ್ ಮಾಡ್ದೆ. ಆ ಲೈನ್ ಬಂದಾಗ ಬಾಯೇ ಬರ್ಲಿಲ್ಲ. ಅವ್ನು ನಗ್ತಿದ್ದ."

ಸಹಿ ಹಾಕಿದೆ. ಸಂಸ್ಥೆಗೆ ತಿದ್ದುಪಡಿಯನ್ನು ಇಬ್ಬರೂ ಸೇರಿ ಬರೆದು ಕಳಿಸಿದೆವು.

ಮೌಖಿಕ ಪರೀಕ್ಷೆಯ ದಿನ ಬಂದಿದ್ದ ಪರೀಕ್ಷಕರು ಪುಟಗಳನ್ನು ವೇಗವಾಗಿ ತಿರುವಿ, ಒಂದು ಕಡೆ ನಿಂತರು.

"ಮೇನ್ ರಿಸಲ್ಟ್ ಎಲ್ಲಮ್ಮಾ?"

"ರಿಸಲ್ಟ್ ಇಲ್ಲ ಸರ್. ಕಂಜೆಕ್ಚರ್ ಇದೆ. ಪ್ರೂಫ್ ಎಲ್ಲಿ ನಿಲ್ಲುತ್ತೆ ಅಂತ ನಾಲ್ಕನೇ ಚಾಪ್ಟರ್‌ನಲ್ಲಿದೆ. ಬೋರ್ಡ್ ಮೇಲೆ ತೋರಿಸ್ಲಾ?"

"ಬೇಡ. ಅಂದ್ರೆ ಏನೂ ಪ್ರೂವ್ ಮಾಡಿಲ್ಲ."

"ಇಲ್ಲ ಸರ್."

"ಅಪ್ಲಿಕೇಶನ್ ಏನು?"

ಅವಳು ನನ್ನ ಕಡೆ ನೋಡಲಿಲ್ಲ. "ಗೊತ್ತಿಲ್ಲ ಸರ್" ಎಂದಳು.

ನಾನು ಮಧ್ಯೆ ಪ್ರವೇಶಿಸಿ ಆ ಅಧ್ಯಾಯದ ಮಹತ್ವ ವಿವರಿಸಿದೆ. ರಂಗನಾಥರೂ ದನಿಗೂಡಿಸಿದರು, ಅದನ್ನು ನಾನು ಮರೆಯಲಾರೆ. ಪರೀಕ್ಷಕರು ಅಂಕ ನೀಡುವ ನಮೂನೆಯನ್ನು ನಮ್ಮತ್ತ ತಿರುಗಿಸಿ ತೋರಿಸಿದರು. 'ಫಲಿತಾಂಶ' ಎಂಬ ಸಾಲಿಗೆ ಅಂಕಗಳ ದೊಡ್ಡ ಪಾಲು ಮೀಸಲಿತ್ತು. "ಇಲ್ಲದ್ದಕ್ಕೆ ನಾನ್ ಹೇಗೆ ಕೊಡ್ಲಿ ಮೇಡಂ, ನೀವೇ ಹೇಳಿ" ಎಂದರು. ಅವರ ದೃಷ್ಟಿಯಲ್ಲಿ ಅದು ನ್ಯಾಯವೇ ಆಗಿತ್ತು. ಮುಂದಿನವನು ಹರ್ಷ. ಅವನಿಗೆ ಮೂರು ಪ್ರಮೇಯಗಳಿದ್ದವು.

ಮುನಿಲಕ್ಷ್ಮಿಗೆ ದ್ವಿತೀಯ ದರ್ಜೆ ಬಂದಿತು. ಸಂಸ್ಥೆಯಿಂದ, ತಿದ್ದುಪಡಿಗಾಗಿ ಧನ್ಯವಾದ, ಅರ್ಹತಾ ಅಂಕಗಳಿಲ್ಲದ ಕಾರಣ ಸಂದರ್ಶನಕ್ಕೆ ಪರಿಗಣಿಸಲಾಗಿಲ್ಲ, ಎಂಬ ಉತ್ತರ ಬಂದಿತು. ಅವಳು ಸರಕು ಕಚೇರಿಗೆ ಸೇರಿದಳು. ನಾನು ನಿವೃತ್ತಳಾದೆ.

ಇದಾದ ಮರುವರ್ಷ, ಒಂದು ಭಾನುವಾರ ಬೆಳಿಗ್ಗೆ ಅವಳು ಗಂಗಾನಗರದ ನಮ್ಮ ಮನೆಗೆ ಬಂದಳು. ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ಇತ್ತು. ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದಳು. ಸ್ವಲ್ಪ ಇಳಿದುಹೋಗಿದ್ದಳು. ಏನ್ ಸಮಾಚಾರ, ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. "ನಿಮ್ಮೇಲೆ ಇನ್ನೂ ಸಿಟ್ಟಿದೆ ಮೇಡಂ" ಎಂದು ಸಹಜವಾಗಿಯೇ ಹೇಳಿದಳು. ಆಮೇಲೆ ಚೀಲದಿಂದ ಮಡಿಸಿದ ದೊಡ್ಡ ಹಾಳೆಯೊಂದನ್ನು ತೆಗೆದು ಊಟದ ಮೇಜಿನ ಮೇಲೆ ಹರಡಿದಳು. ಐದು ಉದ್ದ ರಸ್ತೆಗಳು, ಹನ್ನೊಂದು ಅಡ್ಡರಸ್ತೆಗಳು. ಬಾಣದ ಗುರುತುಗಳು. ಅಲ್ಲಲ್ಲಿ ಕಪ್ಪು ಚುಕ್ಕೆಗಳು.

"ನೋಡಿ ಮೇಡಂ. ನಮ್ಮ ಸೂತ್ರ ಹೇಳೋದಕ್ಕಿಂತ ಒಬ್ಬ ಕಮ್ಮಿ ಇದ್ದಾನೆ."

ನಾನು ಕನ್ನಡಕ ತಂದೆ. ಒಂದೊಂದೇ ಜಂಕ್ಷನ್ನಿನ ಮೇಲೆ ಪೆನ್ಸಿಲ್ ಇಟ್ಟು, ಇದನ್ನು ಯಾರು ಕಾಯುತ್ತಾರೆ ಎಂದು ಕೇಳುತ್ತಾ ಹೋದೆ. ಅವಳು ಬೆರಳಿನಿಂದ ಕಾವಲುಗಾರನನ್ನು ತೋರಿಸುತ್ತಾ ಬಂದಳು. ಒಂದೂ ಬಿಟ್ಟಿರಲಿಲ್ಲ. ಮತ್ತೊಮ್ಮೆ ಬಲದಿಂದ ಎಡಕ್ಕೆ ಪರಿಶೀಲಿಸಿದೆ. ಎಲ್ಲವೂ ಕಾವಲಿನಲ್ಲಿದ್ದವು. ಸೂತ್ರ ಸುಳ್ಳು. ಎಡಕ್ಕೆ ಮುಖ ಮಾಡಿ ನಿಂತವರೇ ಆ ಒಬ್ಬನನ್ನು ಉಳಿಸಿದ್ದರು. ಪ್ರಮೇಯವೆಂದು ಬರೆದಿದ್ದರೆ, ಎಷ್ಟು ವರ್ಷ ಕೂತಿದ್ದರೂ ಅದನ್ನು ಸಾಧಿಸಲು ಆಗುತ್ತಿರಲಿಲ್ಲ.

"ಸರಿ ಇದೆ" ಎಂದೆ. "ಇದು ಫಲಿತಾಂಶ, ಲಕ್ಷ್ಮಿ. ನಿಜವಾದ ಫಲಿತಾಂಶ. ಇದನ್ನು ಬರೆದು ಕಳಿಸೋಣ. ಈ ಸಲ ಅರ್ಜಿ ಹಾಕು."

"ಮಾರ್ಕ್ಸು ಅದೇ ಇರುತ್ತಲ್ಲ ಮೇಡಂ."

ಅದು ನಿಜವಾಗಿತ್ತು. ಸಲ್ಲಿಸಿದ ಪ್ರಾಜೆಕ್ಟಿಗೆ ಆನಂತರ ಏನನ್ನೂ ಸೇರಿಸಲು ಅವಕಾಶವಿಲ್ಲವೆಂದು ಪರೀಕ್ಷಾ ವಿಭಾಗದವರು, ನಾನು ಆಮೇಲೆ ಬರೆದು ಕೇಳಿದಾಗ, ನಿಯಮ ಸಮೇತ ತಿಳಿಸಿದರು. ಆದರೂ ಅಂದು ನಾನು ಬಿಡಲಿಲ್ಲ. ಬೇರೆ ಸಂಸ್ಥೆಗಳಿವೆ, ಲೇಖನವಾಗಿ ಪ್ರಕಟವಾದರೆ ಯಾರಾದರೂ ಗಮನಿಸಬಹುದು, ಎಂದೆಲ್ಲ ಹೇಳಿದೆ. ಅವಳು ಟೀ ಕುಡಿಯುತ್ತಾ ಕೇಳಿಸಿಕೊಂಡಳು.

"ಇಲ್ಲ ಮೇಡಂ. ನಿಜವೋ ಸುಳ್ಳೋ ನೋಡ್ಬೇಕು ಅಂತಿತ್ತು, ನೋಡ್ದೆ. ಕೆಲ್ಸದಲ್ಲಿ ಕೂತಿದ್ರೂ ತಲೇಲಿ ಅದೇ ಓಡ್ತಿತ್ತು. ಒಂದ್ಸಲ ಗೊತ್ತಾದ್ರೆ ಸುಮ್ನಾಗುತ್ತೆ ಅಂದ್ಕೊಂಡಿದ್ದೆ."

"ಸುಮ್ಮನಾಯಿತಾ?"

"ಆಯ್ತು" ಎಂದಳು. "ಅದೇ ಬೇಜಾರು."

ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಹೆಬ್ಬಾಳದಲ್ಲಿ ಬಸ್ ತಪ್ಪಿದರೆ ಕಚೇರಿಯಲ್ಲಿ ಅರ್ಧ ದಿನ ರಜೆ ಹಾಕಿಬಿಡುತ್ತಾರೆ, ಬರ್ತೀನಿ ಮೇಡಂ, ಎಂದು ಬೇಗಬೇಗ ಮೆಟ್ಟಿಲಿಳಿದಳು. ಆನಂತರ ಅವಳು ಬಂದಿಲ್ಲ. ನಾನು ಎರಡು ಬಾರಿ ಫೋನ್ ಮಾಡಿದ್ದೇನೆ. ಕೆಲಸದ ಬಗ್ಗೆ ಮಾತಾಡಿದಳು. ಗಣಿತದ ಬಗ್ಗೆ ನಾನೂ ಕೇಳಲಿಲ್ಲ.

ತಮ್ಮ ಮುಂದೆಯೂ ಇಂಥವರು ಬರುತ್ತಾರೆ. ಪ್ರಶ್ನೆಯೊಂದನ್ನು ಹಿಡಿದು ಬರುವ ವಿದ್ಯಾರ್ಥಿಗೆ ವಿಷಯ ಮಂಜೂರು ಮಾಡುವ ಮೊದಲು, ಅದು ಸಾಧನೆಯಾಗದಿದ್ದರೆ ಆ ಮಗುವಿಗೆ ಏನಾಗುತ್ತದೆ ಎಂಬುದನ್ನೂ ಯೋಜನೆಯ ಮೊದಲ ಹಾಳೆಯಲ್ಲಿಯೇ ಬರೆದಿಟ್ಟುಕೊಳ್ಳಿ. ಅಂಕ ನೀಡುವ ಆ ನಮೂನೆಯಲ್ಲಿನ 'ಫಲಿತಾಂಶ' ಎಂಬ ಸಾಲನ್ನು ಬದಲಿಸಲು ತಮ್ಮಿಂದಾದರೆ ಬದಲಿಸಿ. ಅದು ನನ್ನಿಂದಾಗಲಿಲ್ಲ. ಸಹಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಹುಡುಗಿ ಮತ್ತೆ ಅದೇ ಬೋರ್ಡಿನ ಮುಂದೆ ನಿಂತರೂ ನಾನು ಅದನ್ನೇ ಹೇಳುತ್ತೇನೆ, ಅವಳು ಅದೇ ಕಚೇರಿಗೇ ಹೋಗುತ್ತಾಳೆ.

ಈ ಪತ್ರದ ಮೇಲೆ ಯಾವುದೇ ಕ್ರಮ ಜರುಗಿಸಲು ಈಗ ಅವಕಾಶವಿಲ್ಲವಾದ್ದರಿಂದ, ಓದುವ ಸಲುವಾಗಿ ಮಾತ್ರ ಸಲ್ಲಿಸಿದೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಉಪನ್ಯಾಸಕಿ
ಗಂಗಾನಗರ